ಕೊನೆಯದನ್ನು ಮಾರುವುದಿಲ್ಲ

ಫ್ಲಾಸ್ಕಿನ ಒಳಗಾಜು ಒಡೆದಾಗ ಅಂಥ ದೊಡ್ಡ ಸದ್ದೇನೂ ಆಗಲಿಲ್ಲ. ಯಾರೋ ದಣಿದು ಉಸಿರು ಬಿಟ್ಟಂತೆ ‘ಭುಸ್’ ಎಂದಿತು, ಅಷ್ಟೆ. ಹಿತ್ತಿಲ ಕಲ್ಲಿನ ಮೇಲೆ ಬೆಳ್ಳಿಬಣ್ಣದ ಚೂರುಗಳ ಸಣ್ಣ ರಾಶಿಯೊಂದು ಉಳಿಯಿತು. ಅಡುಗೆಮನೆಯಲ್ಲಿದ್ದ ಹೆಂಡತಿ “ಏನದು?” ಎಂದು ಕೇಳಲಿಲ್ಲ. “ಯಾವುದು?” ಎಂದು ಕೇಳಿದಳು. ಹನ್ನೊಂದು ವರ್ಷ ಸಂಸಾರ ಮಾಡಿದವಳಿಗೆ ವಿಚಾರಣೆಯನ್ನು ಎಲ್ಲಿಂದ ಶುರುಮಾಡಬೇಕೆಂದು ಗೊತ್ತಿತ್ತು.

“ಫ್ಲಾಸ್ಕು,” ಎಂದ ಅಳಿಯ.

ಅವನು ಆ ಮನೆಯ ಅಳಿಯ. ಒಂದು ಮನೆಗೆ ಅಳಿಯನಾದ್ದರಿಂದ ಇಡೀ ಊರಿಗೂ ಅಳಿಯ. ಊರಿನವರು ಅವನನ್ನು ‘ವಿಜ್ಞಾನಿ ಅಳಿಯಂದಿರು’ ಎನ್ನುತ್ತಿದ್ದರು. ಪಟ್ಟಣದ ಕಾಲೇಜೊಂದರ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಅವನಿಗೆ ಕೆಲಸ ಎಂಬುದು ನಿಜ. ಆ ಕೆಲಸ ಗಾಜಿನ ಬಾಟಲಿ, ಕೊಳವೆ, ಲೋಟಗಳನ್ನು ತೊಳೆದು ಒರೆಸಿ ಕಪಾಟಿನಲ್ಲಿ ಇಡುವುದು ಎಂಬುದೂ ಅಷ್ಟೇ ನಿಜ. ಮದುವೆಯ ಮಾತುಕತೆಯಲ್ಲಿ ಅವನ ಸೋದರಮಾವ ಮೊದಲನೆಯ ನಿಜವನ್ನು ಹೇಳಿ, ಎರಡನೆಯದರ ಜಾಗದಲ್ಲಿ ಕೆಮ್ಮಿದ್ದ. ಆ ಕೆಮ್ಮನ್ನು ತಿದ್ದಲು ಅಳಿಯನಿಗೆ ಇದುವರೆಗೆ ಪುರುಸೊತ್ತಾಗಿರಲಿಲ್ಲ.

ಈಗಿನ ಅನಾಹುತಕ್ಕೂ ವೃತ್ತಿಯೇ ಕಾರಣ. ಅತ್ತೆಯ ಫ್ಲಾಸ್ಕಿನೊಳಗೆ ಗಡಸು ನೀರಿನ ಬಿಳಿ ಕಲೆ ಕೂತಿತ್ತು. ಹದಿನೆಂಟು ವರ್ಷ ಗಾಜು ತೊಳೆದ ಕೈ ಅದನ್ನು ನೋಡಿ ಸುಮ್ಮನಿರಲಿಲ್ಲ. ಡಬ್ಬಿಯ ತಿರುಪು ಬಿಚ್ಚಿ, ಒಳಗಾಜನ್ನು ಹೊರತೆಗೆದು, ಹುಳಿನೀರು ಹಾಕಿ ತೊಳೆದು ಫಳಫಳ ಮಾಡಿತು. ಆಮೇಲೆ ಬಿಸಿಲಿಗೆ ಒಣಗಲೆಂದು ಅದನ್ನು ಕಲ್ಲಿನ ಮೇಲೆ ನೆಟ್ಟಗೆ ನಿಲ್ಲಿಸಿತು. ಫ್ಲಾಸ್ಕಿನ ಒಳಗಾಜಿಗೆ ತಳದಲ್ಲಿ ಅಕ್ಕಿಕಾಳಿನಷ್ಟು ದೊಡ್ಡ ಗಾಜಿನ ಮೊನೆಯೊಂದು ಇರುತ್ತದೆ. ಎರಡು ಪದರಗಳ ನಡುವಿನ ಗಾಳಿಯನ್ನೆಲ್ಲ ಹೀರಿ ತೆಗೆದ ಮೇಲೆ ಬಾಯಿ ಮುಚ್ಚುವ ಜಾಗ ಅದು. ಅದರ ಮೇಲೆ ಭಾರ ಬಿಡಬಾರದು. ಇದು ಅಳಿಯನಿಗೆ ಗೊತ್ತಿತ್ತು. ಗೊತ್ತಿತ್ತು ಎಂಬುದು ನೆನಪಾಗುವಷ್ಟರಲ್ಲಿ ‘ಭುಸ್’ ಎಂದಿತ್ತು.

ಹೆಂಡತಿ ಬಂದು ಚೂರುಗಳ ಪಕ್ಕ ಕುಕ್ಕರುಗಾಲಲ್ಲಿ ಕೂತಳು. “ಗಂಟೆ ಎಷ್ಟು?”

“ಎರಡು ಹತ್ತು.”

“ಅಮ್ಮ ಐದರ ಬಸ್ಸಿಗೆ ಬರ್ತಾಳೆ. ಬಂದ ತಕ್ಷಣ ಮಾತ್ರೆ ನುಂಗೋಕೆ ಬಿಸಿನೀರು ಕೇಳ್ತಾಳೆ. ಫ್ಲಾಸ್ಕಿನದ್ದೇ ಬೇಕು ಅವಳಿಗೆ. ಇನ್ನು ಮೂರೇ ಮೂರು ಗಂಟೆ ಸುಮ್ಮನೆ ಕೂತಿದ್ದರೆ ಆಗ್ತಿತ್ತಲ್ಲರೀ!”

ಅತ್ತೆಯ ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಗಿತ್ತು. ಪಟ್ಟಣದ ಆಸ್ಪತ್ರೆಯಲ್ಲಿ ನಾಡಿದ್ದು ಆಪರೇಷನ್ನಿಗೆ ಸರದಿ ಸಿಕ್ಕಿತ್ತು. ತಪ್ಪಿದರೆ ಮತ್ತೆ ಆರು ತಿಂಗಳು. ಆಪರೇಷನ್ ಆದ ಮೇಲೆ ಮಗಳ ಮನೆಯಲ್ಲಿ ಹದಿನೈದು ದಿನ ಇರಬೇಕು. ಅತ್ತೆಯ ತಕರಾರು ಆಸ್ಪತ್ರೆಯ ಬಗ್ಗೆ ಇರಲಿಲ್ಲ, ಅಳಿಯನ ಬಗ್ಗೆ ಇತ್ತು. ಅವನು ಈ ಮನೆಗೆ ಬಂದ ಒಂದೊಂದು ಸಲವೂ ಒಂದೊಂದು ವಸ್ತು ಕಾಲವಾಗಿತ್ತು: ನಿಲುವುಗನ್ನಡಿ, ರೇಡಿಯೋ, ಆರಾಮಕುರ್ಚಿ, ಬಾವಿಯ ರಾಟೆ. “ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಇವರ ಮನೇಲಿ ಮಲಗೋದಾ? ಮೇಲೆ ಏನು ಬೀಳ್ತಿದೆ ಅಂತಾನೂ ಗೊತ್ತಾಗಲ್ಲ ನನಗೆ!” ಎಂದಿದ್ದರು. ಕೊನೆಗೆ ಮಗಳು ಹಟ ಹಿಡಿದಾಗ ಒಂದು ಷರತ್ತು ಹಾಕಿದರು. ಅಳಿಯಂದಿರು ಮೂರು ದಿನ ಇಲ್ಲಿ ಬಂದಿರಲಿ. ಏನೂ ಒಡೆಯದೆ ಇದ್ದರೆ ನಾಲ್ಕನೆಯ ದಿನ ಬೆಳಿಗ್ಗೆ ಜೊತೆಯಲ್ಲಿ ಹೊರಡುತ್ತೇನೆ. ಇವತ್ತು ಮೂರನೆಯ ದಿನ. ಅತ್ತೆ ಗಂಟುಮೂಟೆಯನ್ನೂ ಕಟ್ಟಿಟ್ಟು, ಪಕ್ಕದ ಊರಿನ ತಂಗಿಗೆ ಹೇಳಿ ಬರಲು ಹೋಗಿದ್ದರು.

“ಅಂಗಡೀಲಿ ಒಳಗಾಜು ಸಿಗುತ್ತೆ. ಈಗಲೇ ತರ್ತೀನಿ,” ಎಂದು ಅಳಿಯ ಅಂಗಿ ತೊಟ್ಟ. ಅವನ ಮುಖದಲ್ಲಿ ಈಗ ಕಾಣುತ್ತಿದ್ದ ದೃಢತೆ ಹತ್ತು ನಿಮಿಷ ಮೊದಲೇ ಕಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

“ಯಾಕೆ ಬೇಕು ಅಂತ ಯಾರಿಗೂ ಬಾಯಿಬಿಡಬೇಡಿ,” ಎಂದಳು ಹೆಂಡತಿ. “ಈ ಊರಲ್ಲಿ ಒಬ್ಬರ ಕಿವಿಗೆ ಬಿದ್ದರೆ ಅಮ್ಮ ಬಸ್ಸಿಂದ ಇಳಿಯೋದರೊಳಗೆ ಅವಳಿಗೆ ಗೊತ್ತಾಗುತ್ತೆ.”

ಊರಿಗೆಲ್ಲ ಅದೊಂದೇ ಅಂಗಡಿ, ಬಸ್ಸು ನಿಲ್ಲುವ ಜಾಗದಲ್ಲೇ. ಒಳಗೆ ಕಾಲಿಟ್ಟರೆ ಸೀಮೆಎಣ್ಣೆ, ಬಟ್ಟೆಸೋಪು, ಹೊಸ ಹಗ್ಗ ಮೂರರ ವಾಸನೆಯೂ ಸೇರಿ ಮೂಗಿಗೆ ಬಡಿಯುತ್ತಿತ್ತು. ಸೂರಿನಿಂದ ಬಕೆಟ್ಟುಗಳೂ ಲಾಟೀನುಗಳೂ ತಲೆಗೆ ತಾಗುವಷ್ಟು ಕೆಳಗೆ ಇಳಿಬಿದ್ದಿದ್ದವು. ಗೋಡೆಯುದ್ದಕ್ಕೂ ನೂರಾರು ಮರದ ಗೂಡುಗಳು, ಒಂದರ ಮೇಲೂ ಚೀಟಿಯಿಲ್ಲ. ಯಾವುದರಲ್ಲಿ ಏನಿದೆ ಎಂಬುದು ಅಂಗಡಿಯಜ್ಜನಿಗೆ ಮಾತ್ರ ಗೊತ್ತು. ಮುಂದಿನ ಹಲಗೆಯಲ್ಲಿ ಎರಡು ತಲೆಮಾರಿನ ಮೊಣಕೈ ಊರಿ ಎರಡು ಗುಳಿ ಬಿದ್ದಿದ್ದವು. ಅಜ್ಜ ತನ್ನ ಮೊಣಕೈಗಳನ್ನು ಆ ಗುಳಿಗಳಲ್ಲಿಟ್ಟೇ ಮಾತಾಡುವುದು.

“ಬನ್ನಿ ಅಳಿಯಂದ್ರೇ. ಕೂತ್ಕೊಳ್ಳಿ.”

“ಅರ್ಜೆಂಟಿತ್ತು.”

“ಅರ್ಜೆಂಟೂ ಕೂತ್ಕೊಂಡೇ ಹೇಳಬೇಕು ಇಲ್ಲಿ.”

ಅಳಿಯ ಬೆಂಚಿನ ಮೇಲೆ ಕೂತ. ಒಂದು ಲೀಟರಿನ, ಅಗಲ ಬಾಯಿಯ ಫ್ಲಾಸ್ಕಿನ ಒಳಗಾಜು ಬೇಕೆಂದ. ಯಾಕೆ ಎಂಬ ಪ್ರಶ್ನೆ ಬರುವ ಮೊದಲೇ “ಒಂದು ಪ್ರಯೋಗಕ್ಕೆ” ಎಂದೂ ಸೇರಿಸಿದ. ಅಜ್ಜನ ಹುಬ್ಬು ಗೌರವದಿಂದ ಮೇಲೇರಿತು. ಆದರೆ ತಲೆ ಅಡ್ಡಡ್ಡ ಆಡಿತು.

“ಅಗಲ ಬಾಯಿದು ಒಂದೇ ಇದೆ.”

“ಒಂದೇ ಸಾಕು.”

“ಒಂದೇ ಇರೋದಕ್ಕೇ ಕೊಡೋಕಾಗಲ್ಲ. ಅದು ಬೀಜಕ್ಕೆ ಇಟ್ಟದ್ದು.”

ಅಜ್ಜ ಕೈಯೆತ್ತಿ ಸೂರಿನ ಕೆಳಗಿನ ಉದ್ದನೆಯ ಹಲಗೆಯೊಂದನ್ನು ತೋರಿಸಿದ. ಅದರ ಮೇಲೆ ಎಲ್ಲವೂ ಒಂದೊಂದು ಇದ್ದವು: ಒಂದು ಲಾಟೀನು ಗಾಜು, ಒಂದು ಇಲಿಬೋನು, ಒಂದು ಬಾಗಿಲ ಕೀಲು, ಎಡಗಾಲಿನ ಒಂದು ರಬ್ಬರ್ ಬೂಟು. ಬಲಗಾಲಿನದ್ದನ್ನು ಯಾರಿಗೆ ಮಾರಿದರೆಂಬುದು ವಿಜ್ಞಾನಕ್ಕೂ ನಿಲುಕದ ವಿಷಯ. ಈ ಸಾಲಿನ ನಡುವೆ ಹೊಚ್ಚಹೊಸ ಒಳಗಾಜೊಂದು ಹೊಳೆಯುತ್ತಿತ್ತು.

“ಎರಡು ತಿಂಗಳಿಗೊಮ್ಮೆ ಸರಕಿನ ವ್ಯಾನು ಬರುತ್ತೆ. ಬಂದವನಿಗೆ ಇದನ್ನ ತೋರಿಸಿ ‘ಇಂಥದ್ದು ಕೊಡಪ್ಪಾ’ ಅಂತೀನಿ. ಕೊನೇದನ್ನೂ ಮಾರಿಬಿಟ್ಟರೆ ಏನು ತೋರಿಸ್ಲಿ? ನಮ್ಮಪ್ಪ ಒಂದು ಸಲ ಹಾಗೆ ಮಾಡಿದ್ರು. ಅಳ್ತಾ ಬಂದ ಯಾರೋ ಹೆಂಗಸಿಗೆ ಮನಸ್ಸು ಕರಗಿ, ಒಂದು ಸಾಮಾನಿನ ಕೊನೇದನ್ನ ಕೊಟ್ಟುಬಿಟ್ರು. ಆ ಸಾಮಾನು ಇವತ್ತಿಗೂ ಈ ಊರಿಗೆ ಬಂದಿಲ್ಲ.”

“ಯಾವ ಸಾಮಾನು ಅದು?”

“ಅದೇ ಗೊತ್ತಿಲ್ಲವಲ್ಲ!”

ಅಳಿಯ ಸೋಲಲಿಲ್ಲ. ಅಜ್ಜನಿಂದ ಅದನ್ನು ಕೆಳಗೆ ತೆಗೆಸಿ, ಜೇಬಿನಿಂದ ನೋಟುಬುಕ್ಕು ತೆಗೆದು, ದಾರ ಹಿಡಿದು ಒಳಗಾಜಿನ ಎತ್ತರ, ಸುತ್ತಳತೆ, ಬಾಯಿಯ ಅಗಲ ಅಳೆದು, ಮಿಲಿಮೀಟರುಗಳ ಸಮೇತ ಚಿತ್ರ ಬರೆದ. ತಳದ ಮೊನೆಯನ್ನೂ ಬಿಡಲಿಲ್ಲ. “ವ್ಯಾನಿನವನಿಗೆ ಇದನ್ನ ತೋರಿಸಿ,” ಎಂದ.

ಅಜ್ಜ ಚಿತ್ರವನ್ನು ದೂರ ಹಿಡಿದು ನೋಡಿದ. “ಚೆನ್ನಾಗಿ ಬರೆದಿದ್ದೀರಿ. ಮೂಲಂಗಿನಾ?”

“ಹಾಗಾದರೆ ಒಡೆದ ಒಳಗಾಜೊಂದನ್ನ ತಂದುಕೊಟ್ಟರೆ? ತೋರಿಸೋಕೆ ಆಗಲ್ವಾ?”

“ಚೂರು ತೋರಿಸಿದರೆ ಅವನು ಚೂರೇ ಕೊಡ್ತಾನೆ ಅಳಿಯಂದ್ರೇ. ನಿಮಗೆ ಆ ಜನ ಗೊತ್ತಿಲ್ಲ.” ಅಜ್ಜ ಗದ್ದ ತುರಿಸಿಕೊಂಡ. “ಒಂದು ದಾರಿ ಇದೆ. ಈ ಅಳತೆದು ಮೂರು ಬಂದಿತ್ತು. ಒಂದು ದರ್ಜಿ ತಗೊಂಡ, ಒಂದು ನರ್ಸಮ್ಮ ತಗೊಂಡ್ರು. ಇಬ್ಬರಲ್ಲಿ ಯಾರದಾದರೂ ಒಂದು ವಾಪಸ್ ಬಂದು ಈ ಹಲಗೆ ಮೇಲೆ ಕೂರಲಿ, ಹೊಸದನ್ನ ಅದೇ ಗಳಿಗೆಲಿ ನಿಮ್ಮ ಕೈಗೆ ಕೊಡ್ತೀನಿ. ಬೀಜಕ್ಕೆ ಹಳೇದಾದ್ರೂ ನಡೆಯುತ್ತೆ.”

ದರ್ಜಿ ತನ್ನ ಮಶೀನಿನ ಮುಂದೆ ಕೂತು, ಪಕ್ಕದ ಸ್ಟೂಲಿನ ಮೇಲಿದ್ದ ಫ್ಲಾಸ್ಕಿನಿಂದ ಬಿಸಿನೀರು ಬಗ್ಗಿಸಿಕೊಳ್ಳುತ್ತಿದ್ದ. ಅಳಿಯ ಬಾಗಿಲಲ್ಲಿ ನಿಂತ. ಕೈಯಲ್ಲಿ ಇನ್ನೂ ನೋಟುಬುಕ್ಕು ಇತ್ತು.

“ಈ ಫ್ಲಾಸ್ಕಿನ ಒಳಗಾಜು ಅಂಗಡಿಯಜ್ಜನ ಹತ್ತಿರ ತಗೊಂಡದ್ದಾ?”

“ಹೌದು, ಆರು ತಿಂಗಳಾಯ್ತು. ಯಾಕೆ?”

“ಅದನ್ನ ಇವತ್ತೇ ಅಂಗಡಿಗೆ ವಾಪಸ್ ಕೊಡಿ. ಐದು ಗಂಟೆ ಒಳಗೆ. ನಿಮ್ಮ ದುಡ್ಡಿಗೆ ನಾನು ಜವಾಬ್ದಾರಿ.”

ದರ್ಜಿಯ ಕೈಯಲ್ಲಿದ್ದ ಲೋಟ ಬಾಯಿಯ ಹತ್ತಿರವೇ ನಿಂತಿತು. “ಯಾಕೆ ಅಳಿಯಂದ್ರೇ, ಏನಾಗಿದೆ ಇದಕ್ಕೆ?”

“ಕಾರಣ ಹೇಳೋ ಹಾಗಿಲ್ಲ.”

ಈ ಮೂರು ಪದಗಳನ್ನು ಬಾಟಲಿ ತೊಳೆಯುವವನು ಹೇಳಿದರೆ ಜನ ನಗುತ್ತಾರೆ, ವಿಜ್ಞಾನಿ ಹೇಳಿದರೆ ಬೆವರುತ್ತಾರೆ. ದರ್ಜಿ ಬೆವರಿದ. ಲೋಟವನ್ನು ಕೆಳಗಿಟ್ಟು, ಫ್ಲಾಸ್ಕಿನಿಂದ ಒಂದು ಮಾರು ದೂರ ಸರಿದ.

“ಇದರೊಳಗೆ ಏನಿದೆ?”

ಈ ಪ್ರಶ್ನೆಗೆ ಅಳಿಯನ ಹತ್ತಿರ ಸರಿಯಾದ ಉತ್ತರವಿತ್ತು. ಸರಿಯಾದ ಉತ್ತರ ಗೊತ್ತಿದ್ದಾಗ ಅವನಿಗೆ ಸುಮ್ಮನಿರಲು ಬರುತ್ತಿರಲಿಲ್ಲ. “ಎರಡು ಗಾಜಿನ ನಡುವೆ ಏನೂ ಇಲ್ಲ. ಗಾಳಿ ಕೂಡ ಇಲ್ಲ.”

“ಏನೂ ಇಲ್ವಾ? ದುಡ್ಡು ಕೊಟ್ಟು ತಗೊಂಡಿದ್ದೀನಿ ಸ್ವಾಮಿ!”

“ಏನೂ ಇಲ್ಲದೆ ಇರೋದೇ ಅದರ ಗುಣ.”

“ಇದರ ನೀರು ಕುಡಿದರೆ ಏನಾಗುತ್ತೆ?”

“ಏನೂ ಆಗಲ್ಲ,” ಎಂದ ಅಳಿಯ. ಆದರೆ ಆ ಹೊತ್ತಿಗೆ ಅವನ ಕಣ್ಣು ಗೋಡೆಯ ಗಡಿಯಾರದ ಮೇಲಿತ್ತು. ಮುಖ ತಪ್ಪಿಸಿ ಹೇಳಿದ ಈ ಸಮಾಧಾನದ ಅರ್ಥ ದರ್ಜಿಗೆ ಚೆನ್ನಾಗಿಯೇ ತಿಳಿಯಿತು. ಅಳಿಯ ಮೆಟ್ಟಿಲಿಳಿಯುತ್ತಿದ್ದಂತೆ ಒಳಗೆ, “ಲೇ, ನನಗೆ ಬೆಳಿಗ್ಗೆಯಿಂದ ತಲೆ ತಿರುಗ್ತಿದೆ ಅಂತ ಹೇಳಲಿಲ್ವೇನೇ?” ಎಂಬ ಕೂಗು ಕೇಳಿಸಿತು.

ನರ್ಸಮ್ಮನ ಆಸ್ಪತ್ರೆ ಊರಿನ ಇನ್ನೊಂದು ತುದಿ. ಅಳಿಯ ನಡೆದು ಹೋದ. ಸುದ್ದಿ ಓಡಿ ಹೋಯಿತು. ಅವನು ತಲುಪುವ ಹೊತ್ತಿಗೆ ಅಲ್ಲಿನ ಜಗುಲಿಯಲ್ಲಿ ಐದು ಜನ ಹೊಟ್ಟೆ ಹಿಡಿದುಕೊಂಡು ಕೂತಿದ್ದರು. ಅವರಲ್ಲಿ ಮೂವರ ಮನೆಯಲ್ಲಿ ಫ್ಲಾಸ್ಕೇ ಇರಲಿಲ್ಲ.

“ಬನ್ನಿ,” ಎಂದರು ನರ್ಸಮ್ಮ, ಥರ್ಮಾಮೀಟರ್ ಒದರುತ್ತ. “ರಿಪೋರ್ಟ್ ಎಲ್ಲಿ?”

“ಯಾವ ರಿಪೋರ್ಟು?”

“ಅಂದರೆ ಇನ್ನೂ ಬಂದಿಲ್ಲ. ರಿಪೋರ್ಟ್ ಬರೋ ಮೊದಲೇ ನೀವೇ ಓಡಿ ಬಂದಿದ್ದೀರಿ. ಅಷ್ಟು ಗಂಭೀರ!”

“ನರ್ಸಮ್ಮಾ, ನಿಮ್ಮ ಫ್ಲಾಸ್ಕಿನ ಒಳಗಾಜು ಇದೆಯಾ? ಅಷ್ಟು ಹೇಳಿ ಸಾಕು.”

“ಅದು ನಾಲ್ಕು ತಿಂಗಳ ಹಿಂದೆಯೇ ಒಡೀತು. ಡಬ್ಬಿಗೆ ಹತ್ತಿ ತುಂಬಿಟ್ಟಿದ್ದೀನಿ.” ನರ್ಸಮ್ಮ ದನಿ ತಗ್ಗಿಸಿದರು. “ಆಗ ಕೈಗೆ ಚೂರು ಚುಚ್ಚಿತ್ತು. ಅದಕ್ಕೇನಾದರೂ ಇದೆಯಾ?”

“ನಾಲ್ಕು ತಿಂಗಳು ಆಗಿದೆಯಲ್ಲ, ಇನ್ನೇನಿಲ್ಲ,” ಎಂದು ಹೇಳಿ ಅಳಿಯ ತಿರುಗಿದ. ಹಿಂದೆ ಜಗುಲಿಯಲ್ಲಿ ಒಬ್ಬ ಇನ್ನೊಬ್ಬನಿಗೆ ಹೇಳುತ್ತಿದ್ದ: “ಕೇಳಿದ್ಯಾ? ನಾಲ್ಕು ತಿಂಗಳು ದಾಟಿದರೆ ಬದುಕಿದ ಹಾಗೆ.”

ಅಂಗಡಿಗೆ ವಾಪಸು ಬಂದಾಗ ಗಂಟೆ ನಾಲ್ಕೂ ಇಪ್ಪತ್ತು. ಅಂಗಡಿ ಕಾಣಿಸುತ್ತಿರಲಿಲ್ಲ, ಜನರ ಬೆನ್ನುಗಳಷ್ಟೇ ಕಾಣಿಸುತ್ತಿದ್ದವು. ದರ್ಜಿ ಎಲ್ಲರಿಗಿಂತ ಮುಂದೆ ನಿಂತು ಫ್ಲಾಸ್ಕನ್ನೂ, ಜೊತೆಗೆ ಮೂರು ವರ್ಷಗಳಲ್ಲಿ ತಗೊಂಡ ಸೂಜಿಗಳನ್ನೂ ಹಿಂದಿರುಗಿಸುತ್ತಿದ್ದ. ಒಬ್ಬಾಕೆ ಅರ್ಧ ಸವೆದ ಸೋಪು ತಂದಿದ್ದಳು. ಇನ್ನೊಬ್ಬ ಇಲಿಬೋನನ್ನು ಇಲಿಯ ಸಮೇತ ತಂದಿದ್ದ. ಅವನ ಹಿಂದಿದ್ದವನ ತಲೆಯ ಮೇಲೆ ಒಂದು ಕುರ್ಚಿ.

“ಇದು ನನ್ನ ಅಂಗಡೀದಲ್ಲ,” ಎಂದ ಅಜ್ಜ.

“ಇರಲಿ, ಇಟ್ಕೊಳ್ಳಿ. ಎಲ್ಲರೂ ಕೊಡ್ತಿದ್ದಾರೆ, ನಮ್ಮದೊಂದು ಯಾಕೆ ಮನೇಲಿ?”

ಅಜ್ಜ ಯಾರ ಮೇಲೂ ರೇಗಲಿಲ್ಲ. ಒಂದೊಂದನ್ನೂ ಎರಡು ಕೈಯಲ್ಲಿ ತೆಗೆದುಕೊಂಡು, ಒರೆಸಿ, ಅದದರ ಗೂಡಿಗೆ ಸೇರಿಸುತ್ತಿದ್ದ. ಹಲಗೆಯ ಗುಳಿಗಳು ಖಾಲಿ ಬಿದ್ದಿದ್ದವು. ಪಕ್ಕದಲ್ಲಿ ಊರ ಕಚೇರಿಯ ಗುಮಾಸ್ತರು ಮೇಣದಬತ್ತಿ ಹಚ್ಚಿ ಅರಗು ಕರಗಿಸುತ್ತಿದ್ದರು. ಸರ್ಕಾರ ಅವರಿಗೆ ಹಿತ್ತಾಳೆಯ ಮೊಹರೊಂದನ್ನು ಕೊಟ್ಟು ಇಪ್ಪತ್ತು ವರ್ಷವಾಗಿತ್ತು. ಒತ್ತಲು ಯೋಗ್ಯವಾದ ಬಾಗಿಲು ಇವತ್ತೇ ಸಿಕ್ಕಿದ್ದು.

“ನೀವು ಬಂದದ್ದು ಒಳ್ಳೇದಾಯ್ತು,” ಎಂದರು ಗುಮಾಸ್ತರು. “ಅಂಗಡಿಗೆ ಬೀಗ ಹಾಕಿ ಮೊಹರು ಮಾಡ್ತಿದ್ದೀನಿ. ತನಿಖೆ ಮುಗಿಯೋವರೆಗೂ ತೆಗೆಯೋ ಹಾಗಿಲ್ಲ.”

“ಎಷ್ಟು ದಿನ ಆಗಬಹುದು?”

“ದಿನ ಅಂತ ಯಾರು ಹೇಳಿದ್ರು?”

ಅಷ್ಟರಲ್ಲಿ ಅಜ್ಜ ಅಳಿಯನನ್ನು ಕಂಡ. ದರ್ಜಿಯ ಒಳಗಾಜನ್ನು ಎತ್ತಿ ಮೇಲಿನ ಹಲಗೆಯ ಮೇಲೆ ಕೂರಿಸಿದ. ಹೊಸದನ್ನು ಇಳಿಸಿ, ಹಳೆಯ ಪತ್ರಿಕೆಯಲ್ಲಿ ಸುತ್ತಿ, ಜನರ ತಲೆಗಳ ಮೇಲಿನಿಂದ ಚಾಚಿದ. “ತಗೊಳ್ಳಿ ಅಳಿಯಂದ್ರೇ. ಒಂದು ವಾಪಸ್ ಬಂತು. ಆಡಿದ ಮಾತು ಮಾತೇ.”

ಅಳಿಯ ಪೊಟ್ಟಣ ತೆಗೆದುಕೊಂಡ. ಗಂಟೆ ನಾಲ್ಕೂ ನಲವತ್ತು. ಮನೆಗೆ ಐದು ನಿಮಿಷದ ದಾರಿ, ಒಳಗಾಜು ಕೂರಿಸಿ ತಿರುಪು ಬಿಗಿಯಲು ಮೂರು ನಿಮಿಷ, ಬಿಸಿನೀರಿಗೆ ಹತ್ತು. ಲೆಕ್ಕ ಸರಿಯಾಗಿತ್ತು. ಅವನು ಮನೆಯ ಕಡೆಗೆ ಆರು ಹೆಜ್ಜೆ ನಡೆದ. ಹಿಂದೆ ಗುಮಾಸ್ತರು, “ಅಜ್ಜಾ, ಹೊರಗೆ ಬನ್ನಿ, ಬಾಗಿಲು ಹಾಕಬೇಕು,” ಎಂದದ್ದು ಕೇಳಿಸಿತು. ಏಳನೆಯ ಹೆಜ್ಜೆ ಅಂಗಡಿಯ ಕಡೆಗೆ ಬಿತ್ತು.

ಅವನು ಜನರನ್ನು ಸೀಳಿಕೊಂಡು ಬಂದು ಬೆಂಚು ಹತ್ತಿ ನಿಂತ. ಬಕೆಟ್ಟೊಂದು ತಲೆಗೆ ಬಡಿದು ಗಂಟೆಯಂತೆ ಮೊಳಗಿತು. ಎಲ್ಲರೂ ತಿರುಗಿದರು.

“ಕೇಳಿ! ಫ್ಲಾಸ್ಕಿನಲ್ಲಿ ಏನೂ ಇಲ್ಲ!”

“ಏನೂ ಇಲ್ಲ ಅಂತಾನೇ ನಾವೂ ಹೇಳ್ತಿರೋದು!” ಎಂದು ದರ್ಜಿ ಕೂಗಿದ.

“ಏನೂ ದೋಷ ಇಲ್ಲ ಅಂದೆ! ನಮ್ಮ ಅತ್ತೆಯ ಫ್ಲಾಸ್ಕು ಒಡೆದುಹಾಕಿದೆ. ನಾನೇ. ಅವರು ಬರೋ ಮುಂಚೆ ಹೊಸ ಒಳಗಾಜು ಬೇಕಿತ್ತು. ಅಜ್ಜ ಕೊನೇದನ್ನ ಮಾರಲ್ಲ ಅಂದ್ರು. ಅದಕ್ಕೇ ನಿಮ್ಮದನ್ನ ವಾಪಸ್ ಕೊಡಿ ಅಂತ ಕೇಳಿದ್ದು. ಇಷ್ಟೇ ವಿಷಯ!”

 ಕುರ್ಚಿ ಹೊತ್ತವನು ನಿಧಾನವಾಗಿ ಹೇಳಿದ: “ಅವರ ಮೇಲೆ ಒತ್ತಡ ಬಂದಿದೆ.”

“ಅಜ್ಜ ಪೊಟ್ಟಣ ಕೊಟ್ಟದ್ದನ್ನ ನಾನು ಕಣ್ಣಾರೆ ನೋಡಿದೆ,” ಎಂದಳು ಸೋಪಿನಾಕೆ. “ಆಮೇಲೇ ಮಾತು ಬದಲಾದದ್ದು!”

“ಇಷ್ಟು ದೊಡ್ಡ ವಿಜ್ಞಾನಿ ಒಂದು ಫ್ಲಾಸ್ಕಿಗೋಸ್ಕರ ಊರೆಲ್ಲ ಓಡಾಡ್ತಾರಾ?” ಎಂದರು ಗುಮಾಸ್ತರು, ಅರಗಿನ ಮೇಲೆ ಕಣ್ಣಿಟ್ಟು. “ಯಾವ ಇಲಾಖೆ ನಿಮ್ಮದು, ಅದನ್ನ ಹೇಳಿ ಮೊದಲು.”

“ಇಲಾಖೆ ಇಲ್ಲ. ನಾನು ವಿಜ್ಞಾನಿಯೂ ಅಲ್ಲ. ಕಾಲೇಜಿನ ಲ್ಯಾಬಿನಲ್ಲಿ ಬಾಟಲಿ ತೊಳೀತೀನಿ.” ಹನ್ನೊಂದು ವರ್ಷದ ಕೆಮ್ಮು ಹೀಗೆ ಬಸ್‌ಸ್ಟಾಪಿನಲ್ಲಿ ವಾಸಿಯಾಯಿತು. ಆದರೆ ಯಾರೂ ನಂಬಲಿಲ್ಲ. ದೊಡ್ಡ ಮನುಷ್ಯರು ಹೀಗೇ ಸರಳವಾಗಿ ಮಾತಾಡುವುದು ಎಂದು ಒಬ್ಬರು ಮೆಚ್ಚಿಕೊಂಡರು.

ಅಳಿಯ ಹಲ್ಲು ಕಚ್ಚಿದ. ಬೆಂಚಿನ ಮೇಲಿನಿಂದಲೇ ಬಗ್ಗಿ, ದರ್ಜಿ ಫ್ಲಾಸ್ಕಿನ ಜೊತೆ ಸಾಕ್ಷಿಗೆಂದು ತಂದಿಟ್ಟಿದ್ದ ಲೋಟದ ನೀರನ್ನು ಎತ್ತಿ ಗಟಗಟ ಕುಡಿದ. ಜನ “ಅಯ್ಯೋ!” ಎಂದರು. ಅವನ ಹಿಂದೆಯೇ ಆಸ್ಪತ್ರೆಯಿಂದ ಬಂದಿದ್ದ ನರ್ಸಮ್ಮ ಅವನ ಕೈ ಹಿಡಿದು ನಾಡಿ ನೋಡತೊಡಗಿದರು. ಅವನು ಇನ್ನೊಂದು ಕೈಯಿಂದ ಪೊಟ್ಟಣದ ಕಾಗದ ಹರಿದು, ಹೊಸ ಒಳಗಾಜನ್ನು ತಲೆಯ ಮೇಲೆತ್ತಿ ಹಿಡಿದ. “ನೋಡಿ! ಲಂಚ ಅಲ್ಲ, ಗಾಜು! ಬರೀ ಗಾಜು! ಎಲ್ಲರೂ ಸರಿಯಾಗಿ ನೋಡಿ!” ಎನ್ನುತ್ತ ಬೆಂಚಿನ ಮೇಲೆ ಸುತ್ತು ತಿರುಗಿದ. ಬಕೆಟ್ಟು ಒಂದು ಕಡೆ, ಲಾಟೀನು ಒಂದು ಕಡೆ ತೂಗಾಡಿದವು.

“ಕೈಯಲ್ಲಿ ಇರೋದನ್ನ ಮೊದಲು ಕೆಳಗಿಡಿ.”

ಮಾತು ಜೋರಾಗಿರಲಿಲ್ಲ. ಆದರೂ ಅಳಿಯನ ಕೈ ತಾನಾಗಿ ಇಳಿಯಿತು. ಅಜ್ಜ ಮುಂದೆ ಬಾಗಿ ಗಾಜನ್ನು ಹಸುಗೂಸಿನಂತೆ ಎತ್ತಿಕೊಂಡ. ಜನ ದಾರಿ ಬಿಟ್ಟರು. ಬಸ್ಸು ಬಂದು ನಿಂತು ಹೊರಟೂ ಹೋಗಿತ್ತು. ಅತ್ತೆ ಚೀಲ ಹಿಡಿದು, ಕಣ್ಣು ಕಿರಿದು ಮಾಡಿಕೊಂಡು, ದನಿ ಬಂದ ದಿಕ್ಕನ್ನೇ ನೋಡುತ್ತಿದ್ದರು.

“ಅಮ್ಮಾ,” ಎಂದರು ಗುಮಾಸ್ತರು. “ಅಂಗಡಿಯಿಂದ ಊರಿಗೇ ಅಪಾಯ ಅಂತ ಇವರೇ ಪತ್ತೆಮಾಡಿದ್ದು. ಈಗ ನೋಡಿದ್ರೆ ನಿಮ್ಮ ಫ್ಲಾಸ್ಕು ತಾವೇ ಒಡೆದೆ ಅಂತ ಕಥೆ ಕಟ್ತಿದ್ದಾರೆ.”

“ಇವರು ಒಡೆದೆ ಅಂದ್ರಾ?”

“ಹೌದು.”

“ಹಾಗಾದ್ರೆ ಒಡೆದಿರ್ತಾರೆ. ಅದರಲ್ಲಿ ಅನುಮಾನ ಪಡಬೇಡಿ.”

ಅತ್ತೆಯ ಈ ಸಾಕ್ಷಿ ಕೇಳಿ ಇಡೀ ಊರು ಒಂದೇ ಉಸಿರಿನಲ್ಲಿ ನಂಬಿತು. ನೀರು ಕುಡಿದು ತೋರಿಸಿದರೂ ಆಗದ ಕೆಲಸ ಒಂದು ಮಾತಿನಲ್ಲಿ ಆಯಿತು. ಗುಮಾಸ್ತರು ಬಹಳ ಹೊತ್ತು ಬಾಗಿಲನ್ನೇ ನೋಡುತ್ತಿದ್ದು ಮೇಣದಬತ್ತಿ ಆರಿಸಿದರು. ಸೋಪಿನಾಕೆ ತನ್ನ ಸೋಪು ಕೇಳಿದಳು. ಇಲಿಬೋನಿನವನು ಬೋನು ತೆಗೆದುಕೊಂಡು, “ಇಲಿ ಎಲ್ಲಿ?” ಎಂದು ಜಗಳ ತೆಗೆದ. ಅಜ್ಜ ಮೊಣಕೈಗಳನ್ನು ಗುಳಿಗಳಲ್ಲಿ ಊರಿ, “ಒಬ್ಬೊಬ್ಬರಾಗಿ ಬನ್ನಿ, ಕೂತ್ಕೊಂಡು ಹೇಳಿ,” ಎಂದ.

ಹೆಂಡತಿ ಅಷ್ಟರಲ್ಲಿ ಸುದ್ದಿ ತಿಳಿದು ಓಡಿಬಂದಳು. ಬೆಂಚಿನ ಮೇಲೆ ಇನ್ನೂ ನಿಂತೇ ಇದ್ದ ಗಂಡನನ್ನು ನೋಡಿದಳು, ತಾಯಿಯನ್ನು ನೋಡಿದಳು. “ಅಮ್ಮಾ, ಬರೋದೇ ಇಲ್ಲ ಅಂತ ಮಾತ್ರ ಹೇಳಬೇಡ. ನಾಡಿದ್ದು ತಪ್ಪಿದರೆ ಇನ್ನು ಆರು ತಿಂಗಳು ಕಾಯಬೇಕು.”

“ಎಷ್ಟು ಹೊತ್ತಿಗೆ ಒಡೆದದ್ದು?” ಅತ್ತೆ ಅಳಿಯನನ್ನು ಕೇಳಿದರು.

“ಎರಡು ಹತ್ತಕ್ಕೆ.”

“ಈಗ ಐದೂ ಹತ್ತು. ಮೂರು ಗಂಟೆಯಲ್ಲಿ ಇಡೀ ಊರನ್ನ ಬೀದಿಗೆ ತಂದಿದ್ದೀರಿ.” ಅತ್ತೆ ಚೀಲವನ್ನು ಮಗಳ ಕೈಗೆ ಕೊಟ್ಟರು. “ಇಷ್ಟು ದಿನ ಇವರು ಮನೆ ಸಾಮಾನು ಮಾತ್ರ ಒಡೀತಾರೆ ಅಂದ್ಕೊಂಡಿದ್ದೆ. ಅದಾದರೆ ಸದ್ದು ಕೇಳಿಸುತ್ತೆ, ಎಲ್ಲಿದ್ದಾರೆ ಅಂತ ಗೊತ್ತಾಗುತ್ತೆ. ಹೀಗೆ ಸದ್ದಿಲ್ಲದೆ ಊರೆಲ್ಲ ಓಡಾಡೋರನ್ನ ಈ ಮಬ್ಬುಗಣ್ಣಲ್ಲಿ ಕಾಯೋಕೆ ನನ್ನ ಕೈಲಿ ಆಗಲ್ಲ. ನಾಳೆ ಬೆಳಿಗ್ಗೆ ಹೊರಡೋಣ. ಡಾಕ್ಟರು ಈಗ ಒಂದು ಕಣ್ಣು, ಮುಂದಿನ ವರ್ಷ ಇನ್ನೊಂದು ಅಂದಿದ್ರಲ್ಲ, ಅದೆಲ್ಲ ಬೇಡ. ಎರಡನ್ನೂ ಬೇಗ ಮಾಡಿಸಿಬಿಡು.”

ಮರುದಿನ ಬೆಳಗಿನ ಬಸ್ಸಿನಲ್ಲಿ ಅತ್ತೆ ಮಗಳ ಪಕ್ಕ ಕೂತರು. ಅಳಿಯನಿಗೆ ಅವರ ಎದುರಿನ ಸೀಟು. ಪಟ್ಟಣ ಬರುವ ತನಕ ಎರಡು ಕೈಗಳನ್ನೂ ತೊಡೆಯ ಮೇಲೆ, ಬೆರಳು ಬಿಡಿಸಿ, ಮಬ್ಬುಗಣ್ಣಿಗೂ ಕಾಣುವ ಹಾಗೆ ಇಟ್ಟುಕೊಂಡಿರಬೇಕೆಂದು ಅಪ್ಪಣೆಯಾಗಿತ್ತು. ಅವನು ಹಾಗೇ ಇಟ್ಟುಕೊಂಡು, ಬಸ್ಸು ತಿರುವಿನಲ್ಲಿ ವಾಲಿದಾಗಲೂ ಏನನ್ನೂ ಹಿಡಿದುಕೊಳ್ಳದೆ, ನೆಟ್ಟಗೆ ಕೂತಿದ್ದ.